ಫುಲ್ ಫಾರ್ವರ್ಡ್ ನಿಂತ ಹುಡುಗನ ಅಮ್ಮನಿಗೆ

ನೀವು ಬರೆದದ್ದನ್ನು ಎರಡು ಸಲ ಓದಿದೆ. ಮೈಸೂರಿಂದ ಮೆಲ್ಬರ್ನಿಗೆ ಬಂದು 8 ತಿಂಗಳು. ಯಜಮಾನರಿಗೆ ಕೆಲಸ ಸಿಕ್ಕಿದೆ, ಬಾಡಿಗೆ ಮನೆ ಸಿಕ್ಕಿದೆ, ಕರಿಬೇವು ಎಲ್ಲಿ ಸಿಗುತ್ತದೆ ಅಂತಲೂ ಗೊತ್ತಾಗಿದೆ. ಆದರೆ 13 ವರ್ಷದ ಮಗ ಭಾನುವಾರ ಬಂತೆಂದರೆ ಮಂಕಾಗುತ್ತಾನೆ. ಎತ್ತರ ಇದ್ದಾನೆ ಅಂತ ಫುಟಿ (ಇಲ್ಲಿನವರ ಆಸ್ಟ್ರೇಲಿಯನ್ ಫುಟ್‌ಬಾಲ್) ಕ್ಲಬ್ಬಿನ ಕೋಚ್ ಅವನನ್ನು ಕೀ ಫಾರ್ವರ್ಡ್ ಮಾಡಿದ್ದಾರೆ. ಮೂರು ಮ್ಯಾಚಾಯಿತು, ಒಂದೂ ಗೋಲ್ ಇಲ್ಲ. "ಅಕ್ಕಾ, ಅವನ ಹತ್ತಿರ ಚೆಂಡೇ ಬರುವುದಿಲ್ಲ, ಸುಮ್ನೆ ನಿಂತಿರುತ್ತಾನೆ. ಬಿಡಿಸಿ ಕ್ರಿಕೆಟ್‌ಗೇ ಹಾಕಲಾ? ಇಲ್ಲಿ ಬದುಕಲು ಈ ಫುಟಿ ಬೇಕೇ ಬೇಕಾ?" ಅಂತ ಕೇಳಿದ್ದೀರಿ.

ಬಿಡಿಸಬೇಡಿ. ಈ ಸೀಸನ್ ಮುಗಿಯುವವರೆಗಾದರೂ ಬಿಡಿಸಬೇಡಿ. ನಾನು ಇಲ್ಲಿಗೆ ಬಂದು 17 ವರ್ಷವಾಯಿತು. ನನ್ನ ಮಗನೂ ಇದೇ ಜಾಗದಲ್ಲಿ 5 ಸೀಸನ್ ನಿಂತಿದ್ದ. ನೀವು ಈಗ ಪಡುತ್ತಿರುವ ಸಂಕಟ ನಾನೂ ಪಟ್ಟಿದ್ದೇನೆ. ಅದರ ಜೊತೆ ಒಂದು ದೊಡ್ಡ ತಪ್ಪನ್ನೂ ಮಾಡಿದ್ದೇನೆ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಆಟ ಸ್ವಲ್ಪ ತಿಳಿದುಕೊಳ್ಳಿ. ಇಲ್ಲದಿದ್ದರೆ ಅವನ ಕಷ್ಟ ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಮೈದಾನ ನಮ್ಮ ಕ್ರಿಕೆಟ್ ಮೈದಾನವೇ. ಚಳಿಗಾಲದಲ್ಲಿ ಕ್ರಿಕೆಟ್ ಆಡುವವರ ಮೈ ಜಡ್ಡುಗಟ್ಟಬಾರದು, ಅದಕ್ಕೊಂದು ಫುಟ್‌ಬಾಲ್ ಕ್ಲಬ್ ಇರಲಿ ಅಂತ 1858ರಲ್ಲಿ ಟಾಮ್ ವಿಲ್ಸ್ ಎಂಬ ಕ್ರಿಕೆಟಿಗರು ಪತ್ರಿಕೆಗೆ ಬರೆದರು. ಮರುವರ್ಷ ಇದೇ ಮೆಲ್ಬರ್ನಿನಲ್ಲಿ ನಿಯಮಗಳು ಸಿದ್ಧವಾದವು. ಹಾಗಾಗಿ ಕ್ರಿಕೆಟ್ಟಾ ಫುಟಿಯಾ ಅಂತ ನೀವು ಆರಿಸಬೇಕಾಗಿಲ್ಲ. ಬೇಸಿಗೆಗೆ ಅದು, ಚಳಿಗಾಲಕ್ಕೆ ಇದು. 2018ರ ಬಾಕ್ಸಿಂಗ್ ಡೇ ದಿನ ನಮ್ಮ ಬೆಂಗಳೂರಿನ ಮಯಾಂಕ್ ಅಗರ್ವಾಲ್ ಇಲ್ಲಿನ ಮೆಲ್ಬರ್ನ್ ಕ್ರಿಕೆಟ್ ಮೈದಾನ ಎಂಸಿಜಿಯಲ್ಲಿ ಮೊದಲ ಟೆಸ್ಟ್ ಆಡಿ 76 ಹೊಡೆದರಲ್ಲಾ, ಸೆಪ್ಟೆಂಬರ್ ಕೊನೆಗೆ ಫುಟಿಯ ಗ್ರಾಂಡ್ ಫೈನಲ್ ನಡೆಯುವುದೂ ಅಲ್ಲೇ. ಹೆಚ್ಚುಕಡಿಮೆ ಒಂದು ಲಕ್ಷ ಜನ ಸೇರುತ್ತಾರೆ.

ಒಂದು ಕಡೆಗೆ 18 ಜನ. ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ. ಒದ್ದ ಚೆಂಡು ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ ಹೋದರೆ ಗೋಲ್, 6 ಪಾಯಿಂಟ್. ಪಕ್ಕದ ಸಂದಿಯಲ್ಲಿ ಹೋದರೆ ಬಿಹೈಂಡ್, 1 ಪಾಯಿಂಟ್. ಒದ್ದ ಚೆಂಡು 15 ಮೀಟರಾದರೂ ಹಾರಿ ಬಂದು, ನೆಲಕ್ಕೆ ಬೀಳುವ ಮೊದಲೇ ಕೈಗೆ ಸಿಕ್ಕಿದರೆ ಅದು ಮಾರ್ಕ್. ಮಾರ್ಕ್ ಹಿಡಿದವನನ್ನು ಆಮೇಲೆ ಯಾರೂ ಕೆಡವುವಂತಿಲ್ಲ. ಅವನು ಹಿಂದೆ ಹೋಗಿ, ಉಸಿರು ತೆಗೆದುಕೊಂಡು ಒದೆಯಬಹುದು. ಕೀ ಫಾರ್ವರ್ಡ್ ಇರುವುದೇ ಗೋಲಿನ ಮುಂದೆ ಈ ಮಾರ್ಕ್ ಹಿಡಿಯಲು. ಗೋಲ್ ಬಾಯಿಯ ಹತ್ತಿರ ಇರುವವನು ಫುಲ್ ಫಾರ್ವರ್ಡ್. ಅವನಿಗಿಂತ ಮೈದಾನದ ನಡುವಿನ ಕಡೆ ಇರುವವನು ಸೆಂಟರ್ ಹಾಫ್ ಫಾರ್ವರ್ಡ್. ಎಎಫ್‌ಎಲ್‌ನಲ್ಲಿ, ಅಂದರೆ ಫುಟಿಯ ಅತಿ ದೊಡ್ಡ ಲೀಗ್‌ನಲ್ಲಿ, ಈ ಜಾಗದವರು ಹೆಚ್ಚಾಗಿ ಆರೂವರೆ ಅಡಿ ಆಸುಪಾಸಿನವರು.

ಈಗ "ಸುಮ್ನೆ ನಿಂತಿರುತ್ತಾನೆ" ಅಂದಿರಲ್ಲಾ, ಆ ಮಾತಿಗೆ ಬರುತ್ತೇನೆ. ಮುಂದಿನ ಮ್ಯಾಚಲ್ಲಿ ಚೆಂಡನ್ನು ನೋಡಬೇಡಿ. ಹತ್ತು ನಿಮಿಷ ಅವನೊಬ್ಬನನ್ನೇ ನೋಡಿ. ನಡು ಮೈದಾನದಲ್ಲಿ ನಮ್ಮವರ ಕೈಗೆ ಚೆಂಡು ಸಿಕ್ಕಿತು ಅನ್ನುವಾಗ ಅವನು ಇದ್ದಕ್ಕಿದ್ದಂತೆ ಅವರ ಕಡೆಗೆ ಜೋರಾಗಿ ಓಡುತ್ತಾನೆ. ಇದಕ್ಕೆ ಲೀಡ್ ಅನ್ನುತ್ತಾರೆ. ಒದೆಯುವವನು ತಲೆ ಎತ್ತುವ ಕ್ಷಣಕ್ಕೆ ಸರಿಯಾಗಿ ಈ ಓಟ ಶುರುವಾಗಬೇಕು. ಮೊದಲೇ ಹೊರಟರೆ ಓಡಲು ಜಾಗ ಉಳಿಯುವುದಿಲ್ಲ. ತಡವಾದರೆ ಬೆನ್ನ ಹಿಂದಿರುವ ಡಿಫೆಂಡರ್ ಮುಷ್ಟಿ ತೂರಿಸಿ ಚೆಂಡನ್ನು ಗುದ್ದಿಬಿಡುತ್ತಾನೆ. ಅಷ್ಟು ಸರಿಯಾಗಿ ಓಡಿದರೂ ಒದೆಯುವವನು ಬೇರೆ ಕಡೆ ಒದ್ದರೆ ಮುಗಿಯಿತು. ತಿರುಗಿ ತನ್ನ ಜಾಗಕ್ಕೆ ಹೋಗಬೇಕು, ಮತ್ತೆ ಕಾಯಬೇಕು, ಮತ್ತೆ ಅಷ್ಟೇ ಜೋರಾಗಿ ಓಡಬೇಕು. ಹತ್ತು ಓಟಕ್ಕೆ ಎರಡು ಸಲ ಚೆಂಡು ಬಂದರೆ ಅವತ್ತು ಒಳ್ಳೆಯ ದಿನ.

ಚೆಂಡು ಬರದ ಓಟವೂ ದಂಡವಲ್ಲ. ಅವನ ಹಿಂದೆ ಡಿಫೆಂಡರ್ ಕೂಡ ಓಡುತ್ತಾನೆ, ಅಲ್ವಾ? ಅಲ್ಲಿ ಖಾಲಿಯಾದ ಜಾಗಕ್ಕೆ ನಮ್ಮ ಇನ್ನೊಬ್ಬ ಹುಡುಗ ನುಗ್ಗಿ ಗೋಲ್ ಹೊಡೆಯುತ್ತಾನೆ. ಚಪ್ಪಾಳೆ ಅವನಿಗೆ ಬೀಳುತ್ತದೆ. ಜಾಗ ಮಾಡಿಕೊಟ್ಟವನ ಹೆಸರು ಸ್ಕೋರ್ ಪುಸ್ತಕದಲ್ಲಿ ಇರುವುದಿಲ್ಲ.

ನನ್ನ ತಪ್ಪು ಇಲ್ಲೇ ಆದದ್ದು. ಎರಡು ವರ್ಷ, ಮ್ಯಾಚ್ ಮುಗಿದು ನನ್ನ ಮಗ ಕಾರು ಹತ್ತಿದ ತಕ್ಷಣ ನಾನು ಕೇಳುತ್ತಿದ್ದದ್ದು ಒಂದೇ: "ಎಷ್ಟು ಗೋಲ್?" ಪರೀಕ್ಷೆ ಮುಗಿದ ಕೂಡಲೇ "ಎಷ್ಟು ಬಂತು?" ಅಂತ ಕೇಳುವ ಮನೆಯಲ್ಲಿ ಬೆಳೆದವಳು ನಾನು. ಅದೇ ಬಾಯಿಗೆ ಬರುತ್ತಿತ್ತು. ಮಳೆ ಸುರಿಯುತ್ತಿದ್ದ ಒಂದು ಭಾನುವಾರ ಅವನು ಕೆಸರಾದ ಬೂಟು ಬಿಚ್ಚುತ್ತಾ ಕೇಳಿದ: "ಅಮ್ಮಾ, ನಾನು ಓಡಿದ್ದು ನಿನಗೆ ಕಾಣಲೇ ಇಲ್ವಾ?" ಮನೆ ತಲುಪುವ ತನಕ ಇಬ್ಬರೂ ಮಾತಾಡಲಿಲ್ಲ. ಮುಂದಿನ ವಾರದಿಂದ ನಾನು ಅವನ ಲೀಡ್ ಎಣಿಸಲು ಶುರು ಮಾಡಿದೆ. ಒಂದು ಮ್ಯಾಚಲ್ಲಿ 31 ಲೀಡ್, 4 ಮಾರ್ಕ್, 1 ಗೋಲ್. "ಮೂವತ್ತೊಂದಾ!" ಅಂದಾಗ ಅವನ ಮುಖ ನೋಡಬೇಕಿತ್ತು ನೀವು. ದಯವಿಟ್ಟು ಗೋಲ್ ಎಷ್ಟು ಅಂತ ಕೇಳಬೇಡಿ. ಮನೆಯವರಿಗೂ ಹೇಳಿ.

ನಿಮ್ಮ ಮಗನಿಗೆ ಒಂದು ದೊಡ್ಡ ಅನುಕೂಲ ಇದೆ. ಕ್ರಿಕೆಟ್ ಆಡಿ ಬಂದ ಹುಡುಗರಿಗೆ ಮೇಲಿಂದ ಬರುವ ಚೆಂಡು ಎಲ್ಲಿ ಇಳಿಯುತ್ತದೆ ಅಂತ ಬೇಗ ಗೊತ್ತಾಗುತ್ತದೆ. ಬೌಂಡರಿಯಲ್ಲಿ ನಿಂತು ಕ್ಯಾಚ್ ಹಿಡಿದ ಅಭ್ಯಾಸ ಅದು. ಆದರೆ ಕ್ರಿಕೆಟ್‌ನಲ್ಲಿ ಕ್ಯಾಚ್ ಹಿಡಿಯುವವನ ಹೆಗಲ ಮೇಲೆ ಯಾರೂ ಹತ್ತುವುದಿಲ್ಲ. ಇಲ್ಲಿ ಹಿಂದಿನವನು ಚೆಂಡಿಗಾಗಿಯೇ ಹಾರಿದ್ದರೆ ಅವನ ಮೊಣಕಾಲು ಬೆನ್ನಿಗೆ ತಗುಲಿದರೂ ಆಟ ನಡೆಯುತ್ತದೆ. ಕೈಯಿಂದ ಬೆನ್ನು ತಳ್ಳಿದರೆ, ಹಿಡಿಯಲು ಚಾಚಿದ ತೋಳಿಗೆ ಹೊಡೆದರೆ ಫ್ರೀ ಕಿಕ್. ಹಾಗಾಗಿ ಅವನು ಹೊಸದಾಗಿ ಕಲಿಯಬೇಕಾದದ್ದು ಮೈಯನ್ನು ಬಳಸುವುದು. ಚೆಂಡು ಇಳಿಯುವ ಜಾಗವನ್ನು ಮೊದಲೇ ಹಿಡಿದು, ಸೊಂಟ ಬಗ್ಗಿಸಿ, ಕಬಡ್ಡಿಯವರ ಹಾಗೆ ಕಾಲೂರಿ ನಿಲ್ಲಬೇಕು. ಕೈ ಚಾಚಿ ಚೆಂಡನ್ನು ಮುಖದ ಮುಂದೆಯೇ ಹಿಡಿಯಬೇಕು. ಎದೆಗೆ ಬರಲಿ ಅಂತ ಕಾದರೆ ಅಷ್ಟರಲ್ಲಿ ಇನ್ನೊಬ್ಬನ ಮುಷ್ಟಿ ಬಂದಿರುತ್ತದೆ. ಮೂವರ ನಡುವೆ ಸಿಕ್ಕಿ ಹಿಡಿಯಲು ಆಗದಿದ್ದರೆ, ಎದುರಾಳಿಗೂ ಸಿಗದ ಹಾಗೆ ಚೆಂಡನ್ನು ನೆಲಕ್ಕೆ ಬೀಳಿಸಿದರೆ ಸಾಕು. ಕಾಲಬುಡದಲ್ಲಿ ಕಾಯುತ್ತಿರುವ ಚುರುಕಿನ ಸಣ್ಣ ಹುಡುಗರು ಅದನ್ನು ಎತ್ತಿಕೊಳ್ಳುತ್ತಾರೆ. ಒಳ್ಳೆಯ ಕೋಚ್ ಇದನ್ನು ಗೋಲಿಗೆ ಸಮ ಅಂತ ಲೆಕ್ಕ ಹಾಕುತ್ತಾರೆ.

ಮಾರ್ಕ್ ಹಿಡಿದ ಮೇಲೆ ಇನ್ನೊಂದು ಪರೀಕ್ಷೆ. ಅಲ್ಲಿಯವರೆಗೆ ಓಟ, ನೂಕಾಟ, ಕೂಗಾಟ. ಈಗ ಎಲ್ಲ ನಿಂತುಹೋಗುತ್ತದೆ. ಎಎಫ್‌ಎಲ್‌ನಲ್ಲಿ 30 ಸೆಕೆಂಡ್ ಕೊಡುತ್ತಾರೆ. ಚೆಂಡು, ಕಂಬ, ಅವನು. ಗಾಳಿ ಪಕ್ಕದಿಂದ ಬೀಸುತ್ತಿರುತ್ತದೆ, ಎದೆ ಡವಡವ ಅನ್ನುತ್ತಿರುತ್ತದೆ. ಈ ಸೆಟ್ ಶಾಟ್‌ನಲ್ಲಿ ದೊಡ್ಡ ದೊಡ್ಡವರೇ ಒದ್ದಾಡಿದ್ದಾರೆ. ಇದಕ್ಕೆ ಉಪಾಯ ಒಂದೇ, ಪ್ರತಿ ಸಲ ಅಷ್ಟೇ ಹೆಜ್ಜೆ, ಅದೇ ವೇಗ, ಚೆಂಡನ್ನು ಕೈಯಿಂದ ಕಾಲಿಗೆ ಬಿಡುವುದು ಅದೇ ರೀತಿ. ಸಂಜೆ ಪಾರ್ಕಿನಲ್ಲಿ ಎರಡು ಮರಗಳ ನಡುವೆ ಒದೆಯಲಿ. ಚೆಂಡು ಹೆಕ್ಕಿಕೊಡಲು ನೀವು ಹೋಗಿ. ನಾನು ಹೋಗುತ್ತಿದ್ದೆ. ಮಗ ನನ್ನ ಜೊತೆ ಮನಸ್ಸು ಬಿಚ್ಚಿ ಮಾತಾಡಿದ್ದು ಆ ಸಂಜೆಗಳಲ್ಲೇ ಜಾಸ್ತಿ.

ತಪ್ಪಿ ಬಿಹೈಂಡ್ ಆಯಿತು ಅಂತ ಅವನು ಅತ್ತರೆ ಟೋನಿ ಲಾಕೆಟ್ ಕಥೆ ಹೇಳಿ. 281 ಮ್ಯಾಚಲ್ಲಿ 1360 ಗೋಲ್ ಹೊಡೆದವರು. ಅಷ್ಟು ಗೋಲ್ ಬೇರೆ ಯಾರೂ ಹೊಡೆದಿಲ್ಲ. ಆದರೂ ಸಿಡ್ನಿಯವರು ಈಗಲೂ ನೆನೆಯುವುದು ಅವರ ಒಂದು ಬಿಹೈಂಡನ್ನು. 1996ರ ಪ್ರಿಲಿಮಿನರಿ ಫೈನಲ್, ಅಂದರೆ ಗ್ರಾಂಡ್ ಫೈನಲ್‌ಗೆ ಮುಂಚಿನ ಹಂತ, ಎಸೆಂಡನ್ ತಂಡದ ಎದುರು. ಸ್ಕೋರ್ ಸಮ. ತೊಡೆಸಂದಿನ ನೋವಿನಲ್ಲೇ ಆಡುತ್ತಿದ್ದರು. ಕೊನೆಯ ಸೈರನ್ ಆದಮೇಲೆ ಅವರು ಒದ್ದ ಚೆಂಡು ಪಕ್ಕದ ಸಂದಿಯಲ್ಲಿ ಹೋಯಿತು. ಆ ಒಂದು ಪಾಯಿಂಟಿನಿಂದ ಅವರ ಸಿಡ್ನಿ ತಂಡ ಗ್ರಾಂಡ್ ಫೈನಲ್ ತಲುಪಿತು.

ಇನ್ನೊಂದು ವಿಷಯ ತಿಳಿದಿರಲಿ. ಈ ಜಾಗ ಈಗ ಮೊದಲಿನಷ್ಟು ಸುಲಭ ಇಲ್ಲ. ಒಂದೇ ಸೀಸನ್ನಿನಲ್ಲಿ 100 ಗೋಲ್ ದಾಟಿದ ಕೊನೆಯವರು ಲಾನ್ಸ್ ಫ್ರಾಂಕ್ಲಿನ್, ಎಲ್ಲರೂ ಬಡ್ಡಿ ಅಂತ ಕರೆಯುತ್ತಾರೆ. ಅದು 2008ರಲ್ಲಿ. ಹಿಂದೆ ಒಬ್ಬ ಫಾರ್ವರ್ಡ್‌ಗೆ ಒಬ್ಬ ಡಿಫೆಂಡರ್, ಸುತ್ತ ಬೇಕಾದಷ್ಟು ಜಾಗ. ಈಗ ಎದುರಾಳಿಗಳು ಗುಂಪಾಗಿ ಹಿಂದೆ ಬಂದು ಜಾಗ ಮುಚ್ಚುತ್ತಾರೆ. ಒಬ್ಬ ಮೈಗೆ ಅಂಟಿಕೊಂಡಿದ್ದರೆ ಇನ್ನೊಬ್ಬ ಚೆಂಡು ಬೀಳುವ ಕಡೆ ಓಡಿ ಬರುತ್ತಾನೆ. ಗುಂಪು ಕಡಿಮೆಯಾಗಲಿ ಅಂತ 2019ರಲ್ಲಿ ನಿಯಮವನ್ನೇ ಬದಲಿಸಿದರು. ನಡುವಿನಿಂದ ಆಟ ಶುರುವಾಗುವಾಗ ಎರಡೂ ತುದಿಯಲ್ಲಿ, ನಡುವಿನಲ್ಲಿ ಪ್ರತಿ ತಂಡದ ತಲಾ 6 ಜನ ಇರಲೇಬೇಕು. ಚೆಂಡು ಮೇಲೇರಿದ ಮೇಲೆ ಮತ್ತೆ ಅದೇ ಗುಂಪು. ಎಎಫ್‌ಎಲ್‌ನಲ್ಲೇ ಹೀಗಿರುವಾಗ 13 ವರ್ಷದವನಿಗೆ ಮೂರು ಮ್ಯಾಚಲ್ಲಿ ಗೋಲ್ ಬರಲಿಲ್ಲ ಅಂದರೆ ಅದು ಸೋಲಲ್ಲ.

ದೊಡ್ಡ ಮೈಯವರು ಪಳಗಲು ತುಂಬ ವರ್ಷ ಬೇಕು. ಜೀಲಾಂಗ್ ಕ್ಲಬ್ಬಿನ ಟಾಮ್ ಹಾಕಿನ್ಸ್ 2007ರಲ್ಲಿ ಎಎಫ್‌ಎಲ್ ಆಡಲು ಶುರು ಮಾಡಿದರು. ಸೀಸನ್ನಿನಲ್ಲಿ ಎಲ್ಲರಿಗಿಂತ ಹೆಚ್ಚು ಗೋಲ್ ಹೊಡೆದವರಿಗೆ ಕೊಡುವ ಕೋಲ್ಮನ್ ಮೆಡಲ್ ಅವರಿಗೆ ಸಿಕ್ಕಿದ್ದು 2020ರಲ್ಲಿ, 32ನೇ ವಯಸ್ಸಿನಲ್ಲಿ. ಆ ಮೆಡಲ್ ಯಾರ ಹೆಸರಲ್ಲಿದೆಯೋ ಆ ಜಾನ್ ಕೋಲ್ಮನ್ ಕಥೆ ತಿರುಗುಮುರುಗು. 1949ರಲ್ಲಿ ಮೊದಲ ಮ್ಯಾಚಲ್ಲೇ 12 ಗೋಲ್, 98 ಮ್ಯಾಚಿಗೆ 537. 1954ರಲ್ಲಿ ಮೊಣಕಾಲು ಹೋಯಿತು, ಆಟವೂ ಅಲ್ಲಿಗೇ ನಿಂತಿತು. ಅದಕ್ಕೇ ಹೇಳುತ್ತೇನೆ, ಬೆಳೆಯುವ ವಯಸ್ಸಿನ ಮೊಣಕಾಲು ನೋವನ್ನು ನಿರ್ಲಕ್ಷಿಸಬೇಡಿ, ಫಿಜಿಯೋ ಹತ್ತಿರ ತೋರಿಸಿ. ಬಾಯಿಗೆ ಮೌತ್‌ಗಾರ್ಡ್ ಇಲ್ಲದೆ ಮೈದಾನಕ್ಕೆ ಬಿಡಬೇಡಿ. ತಲೆಗೆ ಪೆಟ್ಟು ಬಿದ್ದರೆ ಅವತ್ತಿನ ಆಟ ಮುಗಿಯಿತು. ಏಟಿಗೆ ಮಿದುಳು ಅಲುಗಿ ಕನ್ಕಷನ್ ಆದರೆ ಎಎಫ್‌ಎಲ್‌ನವರನ್ನೇ ಕಡಿಮೆ ಅಂದರೂ 12 ದಿನ ಹೊರಗೆ ಕೂರಿಸುತ್ತಾರೆ. ಮಕ್ಕಳಿಗೆ ಇನ್ನೂ ಜಾಸ್ತಿ. "ಪರವಾಗಿಲ್ಲಮ್ಮ" ಅಂತ ಅವನು ಎಷ್ಟೇ ಹೇಳಿದರೂ ಕೇಳಬೇಡಿ.

ಮನಸ್ಸಿನ ನೋವೂ ಹಾಗೇ. ಫ್ರಾಂಕ್ಲಿನ್ ಅಂಥವರೇ 2015ರ ಫೈನಲ್ಸ್ ಹೊತ್ತಿಗೆ ಮನಸ್ಸಿನ ಆರೋಗ್ಯ ಸರಿಯಿಲ್ಲ ಅಂತ ಆಟದಿಂದ ಹೊರಗುಳಿದರು. 2017ರಲ್ಲಿ ಮತ್ತೆ ಕೋಲ್ಮನ್ ಮೆಡಲ್ ಗೆದ್ದರು. 2022ರ ಮಾರ್ಚ್‌ನಲ್ಲಿ ಅವರ 1000ನೇ ಗೋಲ್ ಬಿದ್ದಾಗ ಸಿಡ್ನಿಯಲ್ಲಿ ಸಾವಿರಾರು ಜನ ಬೇಲಿ ಹಾರಿ ಮೈದಾನಕ್ಕೆ ಓಡಿದರು. ನನಗೆ ಇನ್ನೂ ಹತ್ತಿರ ಅನ್ನಿಸುವುದು ಜೆಸ್ಸಿ ಹೋಗನ್. ಪರ್ತ್‌ನ ಹುಡುಗ, ಹದಿಹರೆಯದಲ್ಲೇ ಮನೆ ಬಿಟ್ಟು ಖಂಡದ ಈ ತುದಿಗೆ ಬಂದವರು. 2017ರಲ್ಲಿ ಅಪ್ಪ ತೀರಿಕೊಂಡರು. ಅದೇ ವರ್ಷ ತಮಗೇ ಕ್ಯಾನ್ಸರ್ ಇದೆ ಅಂತ ಗೊತ್ತಾಯಿತು. ಆಮೇಲೆ ಕ್ಲಬ್ ಬದಲಿಸಿದರು, ಗಾಯಗಳಾದವು, ಮತ್ತೆ ಬದಲಿಸಿದರು. 2024ರಲ್ಲಿ ಕೋಲ್ಮನ್ ಮೆಡಲ್ ಅವರ ಕೊರಳಿಗೆ ಬಂತು. ಊರು ಬಿಟ್ಟು ಬಂದ ಮಗು ಮಂಕಾದರೆ ಅದಕ್ಕೆ ಕಾರಣ ಫುಟಿಯೊಂದೇ ಅಲ್ಲ. ಮೈಸೂರಿನ ಗೆಳೆಯರು ನೆನಪಾಗುತ್ತಿರಬಹುದು. ಮೆಲ್ಲಗೆ ಕೇಳಿ ನೋಡಿ.

ಕೋಚ್ ಜೊತೆಗೂ ಒಂದು ಮಾತಾಡಿ. ಈಗ ಎತ್ತರ ಇದ್ದಾನೆ ಅಂತ ಅಲ್ಲೇ ಕಟ್ಟಿಹಾಕುವುದು ಸರಿಯಲ್ಲ. ಇನ್ನೆರಡು ವರ್ಷಕ್ಕೆ ಬೇರೆ ಹುಡುಗರೂ ಬೆಳೆದುಬಿಡುತ್ತಾರೆ. ಒಂದು ಕ್ವಾರ್ಟರ್ (ಆಟದ ಕಾಲುಭಾಗ) ಡಿಫೆನ್ಸ್‌ನಲ್ಲಿ, ಒಂದು ಕ್ವಾರ್ಟರ್ ನಡುವಿನಲ್ಲಿ ಆಡಿಸಿ ಅಂತ ಧೈರ್ಯವಾಗಿ ಕೇಳಿ. ಇಲ್ಲಿ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ನಾನು ಕೇಳಲು ಒಂದು ವರ್ಷ ಹೆದರಿಕೊಂಡಿದ್ದೆ.

ಮಾಂಸ ತಿನ್ನದೆ ಇದನ್ನೆಲ್ಲ ಆಡಲು ಆಗುತ್ತದಾ ಅಂತ ಕೊನೆಗೆ ಕೇಳಿದ್ದೀರಿ. ಧಾರಾಳವಾಗಿ. ನನ್ನ ಮಗ ಮ್ಯಾಚ್ ದಿನ ಬೆಳಿಗ್ಗೆ ಚಪಾತಿಗೆ ಕಡಲೆಕಾಯಿ ಬೆಣ್ಣೆ ಸವರಿ ತಿನ್ನುತ್ತಿದ್ದ, ಜೊತೆಗೆ ಒಂದು ಬಾಳೆಹಣ್ಣು. ಮುಗಿಸಿ ಬಂದಮೇಲೆ ಡಬ್ಬಿ ತುಂಬ ಮೊಸರನ್ನ.

ಇಲ್ಲಿ ಬದುಕಲು ಫುಟಿ ಬೇಕೇ ಬೇಕಾ? ಬೇಡ. ಅದಿಲ್ಲದೆ ಸುಖವಾಗಿರುವ ಕನ್ನಡದ ಮನೆಗಳು ಎಷ್ಟೋ ಇವೆ. ಆದರೆ ನನಗೆ ಇಲ್ಲಿ ಮೊದಲ ಸ್ನೇಹಿತೆ ಸಿಕ್ಕಿದ್ದು ಕ್ಲಬ್ಬಿನ ಕ್ಯಾಂಟೀನಿನಲ್ಲಿ, ಇಬ್ಬರೂ ಈರುಳ್ಳಿ ಹೆಚ್ಚುತ್ತಿದ್ದಾಗ. ಅವಳ ಮಗ ನಡು ಮೈದಾನದಿಂದ ಚೆಂಡು ಒದೆಯುತ್ತಿದ್ದವನು. ಓಡಿ ಓಡಿ ಸುಸ್ತಾಗುತ್ತಿದ್ದವನು ನನ್ನ ಮಗ. ಕ್ಯಾಂಟೀನ್ ಪಾಳಿಗೆ ಹೆಸರು ಕೊಡಿ. ಅದನ್ನು ಮಾತ್ರ ತಪ್ಪಿಸಬೇಡಿ.

ಈ ಭಾನುವಾರದ ಮ್ಯಾಚ್ ಯಾವ ಮೈದಾನದಲ್ಲಿ, ಎಷ್ಟು ಗಂಟೆಗೆ ಅಂತ ತಿಳಿಸಿ. ನಾನೂ ಬರುತ್ತೇನೆ. ದಪ್ಪ ಜಾಕೆಟ್ ಹಾಕಿಕೊಂಡು ಬನ್ನಿ, ಮಡಚುವ ಕುರ್ಚಿ ಇದ್ದರೆ ತನ್ನಿ. ಫ್ಲಾಸ್ಕಿನಲ್ಲಿ ಕಾಫಿ ನಾನು ತರುತ್ತೇನೆ. ಮೊದಲೆರಡು ಕ್ವಾರ್ಟರ್ ಲೀಡ್ ನಾನು ಎಣಿಸುತ್ತೇನೆ, ಆಮೇಲಿನದು ನಿಮ್ಮ ಲೆಕ್ಕ.