ಆನೆಯ ಪಕ್ಕ ಮಲಗಿರುವ ದೇಶ

ಪ್ರಶ್ನೆ: ಕೆನಡಾದಲ್ಲೂ ಅಮೆರಿಕದಲ್ಲೂ ಹೆಚ್ಚಿನವರ ಮಾತು ಇಂಗ್ಲಿಷ್. ನೋಡುವ ಸಿನಿಮಾ ಒಂದೇ, ವ್ಯಾಪಾರವೂ ಒಟ್ಟಿಗೇ. ಆದರೂ ಇವು ಎರಡು ದೇಶಗಳಾಗಿಯೇ ಉಳಿದದ್ದು ಹೇಗೆ? ಗಡಿ ಅಂದರೆ ಸುಮ್ನೆ ಒಂದು ಗೆರೆ ಅಲ್ವಾ?

ಉತ್ತರ: ಹೌದು, ಕೆಲವು ಕಡೆ ಅದು ನಿಜಕ್ಕೂ ಬರೀ ಗೆರೆ. 8,891 ಕಿ.ಮೀ. ಉದ್ದದ ಈ ಗಡಿ ಒಂದು ಗ್ರಂಥಾಲಯದ ಒಳಗೇ ಹಾದುಹೋಗುತ್ತದೆ! ಕೆನಡಾದ ಕ್ವಿಬೆಕ್‌ನ ಸ್ಟ್ಯಾನ್‌ಸ್ಟೆಡ್ ಮತ್ತು ಅಮೆರಿಕದ ವರ್ಮಾಂಟ್‌ನ ಡರ್ಬಿ ಲೈನ್ ಊರುಗಳು ಸೇರುವಲ್ಲಿ ಹ್ಯಾಸ್ಕೆಲ್ ಗ್ರಂಥಾಲಯವಿದೆ; ಅದೇ ಕಟ್ಟಡದಲ್ಲಿ ನಾಟಕಶಾಲೆಯೂ ಇದೆ. ಬೇಕೆಂದೇ ಗಡಿಯ ಮೇಲೆ ಕಟ್ಟಿದ್ದು. ಮುಖ್ಯ ಬಾಗಿಲು ಅಮೆರಿಕದಲ್ಲಿ, ನಾಟಕದ ವೇದಿಕೆ ಕೆನಡಾದಲ್ಲಿ. ನೆಲದ ಮೇಲಿನ ಕಪ್ಪು ಗೆರೆ ದಾಟಿದರೆ ನಿಮಗೇನೂ ಬೇರೆ ಅನ್ನಿಸುವುದಿಲ್ಲ.

ಬೇರೆ ಅನ್ನಿಸುವುದು ಕಾಯಿಲೆ ಬಿದ್ದಾಗ. ಕೆನಡಾದ ಸಸ್ಕ್ಯಾಚೆವಾನ್ ಪ್ರಾಂತ್ಯ 1962ರಲ್ಲಿ ಎಲ್ಲರಿಗೂ ಸರ್ಕಾರಿ ವೈದ್ಯಕೀಯ ವಿಮೆ ತಂದಿತು. ಅದನ್ನು ವಿರೋಧಿಸಿ ವೈದ್ಯರು 23 ದಿನ ಮುಷ್ಕರ ಹೂಡಿದರು. ಸರ್ಕಾರ ವೈದ್ಯರ ಜತೆ ಒಪ್ಪಂದ ಮಾಡಿಕೊಂಡಿತು, ಆದರೆ ವಿಮೆಯನ್ನು ಕೈಬಿಡಲಿಲ್ಲ. 1966ರ ಕಾನೂನು ಬಂದಮೇಲೆ ಉಳಿದ ಪ್ರಾಂತ್ಯಗಳೂ ಒಂದೊಂದಾಗಿ ಅದೇ ದಾರಿ ಹಿಡಿದವು. ಚಿಕಿತ್ಸೆಗೆ ತಿಂಗಳುಗಟ್ಟಲೆ ಕಾಯಬೇಕು ಎಂಬ ಗೊಣಗಾಟ ಅಲ್ಲಿ ಇದ್ದೇ ಇದೆ. ಆದರೂ 'ನಾವು ಅಮೆರಿಕದವರಲ್ಲ' ಎನ್ನುವಾಗ ಕೆನಡಾದವರು ಮೊದಲು ತೋರಿಸುವುದು ಈ ವಿಮೆಯನ್ನೇ.

'ಅಲ್ಲ' ಎನ್ನುವುದು ಹಳೇ ಅಭ್ಯಾಸ. ಅಮೆರಿಕ ಬ್ರಿಟಿಷ್ ದೊರೆಯ ವಿರುದ್ಧ ಬಂಡೆದ್ದಾಗ, ದೊರೆಯ ಪರ ಇದ್ದ ಸಾವಿರಾರು ಜನ ಉತ್ತರಕ್ಕೆ ಬಂದು ನೆಲೆಸಿದರು. ಅಲ್ಲಿ ಮೊದಲೇ ಇದ್ದ ಫ್ರೆಂಚ್ ಮಾತಿನವರಿಗೂ ಅಮೆರಿಕದ ಜತೆ ಸೇರುವ ಆಸೆ ಇರಲಿಲ್ಲ. 1812ರಲ್ಲಿ ಅಮೆರಿಕಕ್ಕೂ ಬ್ರಿಟನ್ನಿಗೂ ಶುರುವಾದ ಯುದ್ಧ ಆ ದೂರವನ್ನು ಇನ್ನೂ ಜಾಸ್ತಿ ಮಾಡಿತು. 1867ರಲ್ಲಿ ಕೆನಡಾ ಒಂದು ದೇಶವಾಗಿ ಕೂಡಿದ್ದೂ ಬಂದೂಕಿನಿಂದಲ್ಲ, ಮಾತುಕತೆಯಿಂದ.

ಇನ್ನು ಹಾಡಿನ ವಿಷಯ. ಇದು ನನಗೆ ತುಂಬಾ ಇಷ್ಟದ ಉದಾಹರಣೆ. ಅಮೆರಿಕದ ಹಾಡುಗಳೇ ರೇಡಿಯೋ ತುಂಬಿಕೊಳ್ಳುತ್ತವೆ ಎಂಬ ಭಯಕ್ಕೆ 1971ರಲ್ಲಿ ಕೆನಡಾ ಒಂದು ನಿಯಮ ತಂದಿತು: ಇಷ್ಟು ಪಾಲು ನಮ್ಮವರ ಹಾಡೇ ಇರಬೇಕು. ಮೊದಲು 30% ಇದ್ದದ್ದು ಆಮೇಲೆ 35% ಆಯಿತು. ಎಡವಟ್ಟೂ ಆಗಿದೆ. ಗಾಯಕ ಬ್ರಯಾನ್ ಆಡಮ್ಸ್ ಕೆನಡಾದವರೇ. ಆದರೆ ಹೊರಗಿನವರೊಬ್ಬರ ಜತೆ ಸೇರಿ ಬರೆದರು ಎಂಬ ಕಾರಣಕ್ಕೆ ಅವರ 1991ರ ಹಾಡುಗಳು 'ಕೆನಡಾದ್ದಲ್ಲ' ಎಂದಾಯಿತು! ಗಲಾಟೆಯಾಗಿ ನಿಯಮ ತಿದ್ದಬೇಕಾಯಿತು. ನಗು ಬರುತ್ತದೆ, ನಿಜ. ಆದರೂ ಆ ಭಯ ಸುಳ್ಳಲ್ಲ. ಕೆನಡಾದ ಜನಸಂಖ್ಯೆ ಸುಮಾರು 4 ಕೋಟಿ, ಅಮೆರಿಕದ್ದು 34 ಕೋಟಿ. ಕೆನಡಾದ ರಫ್ತಿನಲ್ಲಿ ಮುಕ್ಕಾಲು ಪಾಲಿನಷ್ಟು ಹೋಗುವುದು ಅಮೆರಿಕಕ್ಕೇ. ಪ್ರಧಾನಿ ಪಿಯರ್ ಟ್ರುಡೋ 1969ರಲ್ಲಿ ವಾಷಿಂಗ್ಟನ್‌ಗೆ ಹೋಗಿ, ನಿಮ್ಮ ಪಕ್ಕ ಬದುಕುವುದು ಆನೆಯ ಪಕ್ಕ ಮಲಗಿದ ಹಾಗೆ ಎಂದಿದ್ದರು. ಆನೆ ಎಷ್ಟೇ ಸಾಧುವಾದರೂ ಅದು ಸ್ವಲ್ಪ ಅಲುಗಾಡಿದರೆ ಸಾಕು, ಪಕ್ಕದವರಿಗೆ ಗೊತ್ತಾಗುತ್ತದೆ.

ಹಾಗಂತ ಆನೆ ಎದ್ದಾಗೆಲ್ಲ ಕೆನಡಾ ಅದರ ಹಿಂದೆಯೇ ಹೋಗುವುದಿಲ್ಲ. 1958ರಿಂದ ಎರಡೂ ದೇಶಗಳು ಸೇರಿ ನೊರಾಡ್ ಎಂಬ ವಾಯುರಕ್ಷಣಾ ಪಡೆ ನಡೆಸುತ್ತಿವೆ. ಆದರೂ 2003ರ ಮಾರ್ಚ್‌ನಲ್ಲಿ ಪ್ರಧಾನಿ ಜಾನ್ ಕ್ರೆಟಿಯೆನ್ ಸಂಸತ್ತಿನಲ್ಲಿ ಎದ್ದು ನಿಂತು, ಇರಾಕ್ ಯುದ್ಧಕ್ಕೆ ನಾವು ಬರುವುದಿಲ್ಲ ಎಂದರು. ಆ ದಿನವೂ ನೊರಾಡ್‌ನಲ್ಲಿ ಎರಡೂ ದೇಶದ ಅಧಿಕಾರಿಗಳು ಒಟ್ಟಿಗೇ ಕೂತು ಆಕಾಶ ಕಾಯುತ್ತಿದ್ದರು.