ಮನೆಯಲ್ಲಿ ಭಾಗವತಿಕೆ, ಮದ್ದಳೆ ರೆಕಾರ್ಡ್ ಮಾಡಲು ಏನೇನು ಬೇಕು, ಯಾವುದನ್ನು ಯಾವುದಕ್ಕೆ ಜೋಡಿಸಬೇಕು?

ನಿಮ್ಮ ಪ್ರಶ್ನೆ ಇಷ್ಟು: ಉಡುಪಿ ಹತ್ತಿರ ಹೆಂಚಿನ ಮನೆ, ಕೈಯಲ್ಲಿ ಒಂದು ಲ್ಯಾಪ್‌ಟಾಪ್. ಯಕ್ಷಗಾನದ ಭಾಗವತಿಕೆ, ಮದ್ದಳೆ ರೆಕಾರ್ಡ್ ಮಾಡಬೇಕು, ಚೆಂಡೆಯೂ ಸೇರಬೇಕು. ಏನೇನು ತಗೊಳ್ಳಬೇಕು, ಮಿಕ್ಸರ್ ಬೇಕಾ? ನಾನು ಮಂಗಳೂರಿನಲ್ಲಿ ಮನೆಯ ಹಿಂದಿನ ಕೋಣೆಯಲ್ಲೇ ಭಜನೆ, ಪದ್ಯ ಎಲ್ಲ ರೆಕಾರ್ಡ್ ಮಾಡುವವ. ಗೊತ್ತಿದ್ದದ್ದು ಹೇಳುತ್ತೇನೆ.

ಮಿಕ್ಸರ್ ಬೇಡ. ಸೌಂಡ್ಸ್‌ನವರು ಇಟ್ಟುಕೊಳ್ಳುವಂಥ ಸಣ್ಣ ಯುಎಸ್‌ಬಿ ಮಿಕ್ಸರ್‌ಗಳಲ್ಲಿ ಹೆಚ್ಚಿನವು ಎಲ್ಲ ಮೈಕುಗಳನ್ನೂ ಕಲಸಿ ಎಡ, ಬಲ ಅಂತ ಎರಡೇ ಟ್ರ್ಯಾಕ್ ಕಂಪ್ಯೂಟರಿಗೆ ಕಳಿಸುತ್ತವೆ. ಆಮೇಲೆ ಮದ್ದಳೆ ಜಾಸ್ತಿಯಾಯ್ತು ಅಂತ ಅನ್ನಿಸಿದರೆ ಅದನ್ನು ಮಾತ್ರ ಇಳಿಸುವುದಕ್ಕೆ ಆಗುವುದಿಲ್ಲ. ನಿಮಗೆ ಬೇಕಾದದ್ದು ಆಡಿಯೋ ಇಂಟರ್‌ಫೇಸ್. ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2 ಥರದ್ದು, ಎರಡು ಮೈಕ್ ಹಾಕುವಂಥದ್ದು ಸಾಕು. ಎರಡೂ ಬೇರೆ ಬೇರೆ ಟ್ರ್ಯಾಕಿಗೆ ಬರುತ್ತವೆ.

ದಾರಿ ಹೀಗೆ: ಮೈಕಿನಿಂದ ಎಕ್ಸ್‌ಎಲ್‌ಆರ್ ಕೇಬಲ್ (ಮೂರು ಪಿನ್ನಿನ ಮೈಕ್ ಕೇಬಲ್), ಅಲ್ಲಿಂದ ಇಂಟರ್‌ಫೇಸ್, ಅಲ್ಲಿಂದ ಯುಎಸ್‌ಬಿಯಲ್ಲಿ ಲ್ಯಾಪ್‌ಟಾಪ್. ಕೇಳುವುದಕ್ಕೆ ಅದೇ ಇಂಟರ್‌ಫೇಸಿನಿಂದ ಹೆಡ್‌ಫೋನ್. ಮೈಕಿನಿಂದ ಬರುವ ಸಿಗ್ನಲ್ ಕೆಲವೇ ಮಿಲಿವೋಲ್ಟ್. ಅದನ್ನು ದೊಡ್ಡದು ಮಾಡುವುದು ಇಂಟರ್‌ಫೇಸಿನ ಪ್ರೀಆಂಪ್. ನಂತರ ಅದನ್ನು ಅಂಕೆಗಳಾಗಿಸಿ ಕಂಪ್ಯೂಟರಿಗೆ ಕೊಡುವುದೂ ಇಂಟರ್‌ಫೇಸೇ. ಮೈಕನ್ನು ಲ್ಯಾಪ್‌ಟಾಪಿನ ಸಣ್ಣ ತೂತಿಗೆ ನೇರ ಚುಚ್ಚುವ ಕೇಬಲ್ ಅಗ್ಗಕ್ಕೆ ಸಿಗುತ್ತದೆ. ಅದನ್ನು ಮಾತ್ರ ತಗೊಳ್ಳಬೇಡಿ, ಬರೀ ಸರ್ ಸರ್ ಸದ್ದು.

ಮೈಕಿನ ವಿಷಯದಲ್ಲಿ ನನ್ನದು ಸ್ವಲ್ಪ ಹಠ. ಯೂಟ್ಯೂಬ್ ನೋಡಿ ಎಲ್ಲರೂ ಮೊದಲು ಕಂಡೆನ್ಸರ್ ಮೈಕ್ ತರುತ್ತಾರೆ. ಅದು ಚೆನ್ನಾಗಿ ಕೇಳಿಸಿಕೊಳ್ಳುತ್ತದೆ, ಅದೇ ತೊಂದರೆ. ಗೋಡೆಗೆ ಏನೂ ಹಾಕದ ಕೋಣೆಯ ಗುಂಯ್‌ಗುಡುವಿಕೆ, ಹಿತ್ತಲಿನ ಕಪ್ಪೆ, ರಸ್ತೆಯ ಬಸ್ಸಿನ ಹಾರ್ನ್, ಎಲ್ಲವೂ ಒಳಗೆ ಬರುತ್ತದೆ. ಶೂರ್ ಎಸ್‌ಎಂ58 ಥರದ ಡೈನಾಮಿಕ್ ಮೈಕ್ ಸಾಕು. 1966ರಿಂದ ಇರುವ ಮೈಕ್, ನಿಮ್ಮೂರಿನ ಯಾವ ವೇದಿಕೆಯಲ್ಲಾದರೂ ನೋಡಿರುತ್ತೀರಿ. ಬಾಯಿಯಿಂದ ನಾಲ್ಕೈದು ಇಂಚು ದೂರ ಇಡಿ. ತೀರಾ ಹತ್ತಿರ ಹೋದರೆ ಸ್ವರ ದಪ್ಪವಾಗುತ್ತದೆ. ಮದ್ದಳೆಗೆ ಅದೇ ಕಂಪನಿಯ ಎಸ್‌ಎಂ57. ಬಲ ಮುಚ್ಚಿಗೆಯ (ಚರ್ಮದ ಮುಖದ) ಕಡೆಗೆ ಸ್ವಲ್ಪ ವಾಲಿಸಿ, ಸುಮಾರು ಒಂದು ಅಡಿ ದೂರ. ಶೂರ್‌ನದ್ದೇ ಇನ್ನೊಂದು ಮೈಕ್ ಎಸ್‌ಎಂ7ಬಿಯ ಆಸೆ ಬೇಡ. ಅದಕ್ಕೆ ಸುಮಾರು 60 ಡೆಸಿಬೆಲ್ ಗೇನ್ (ಪ್ರೀಆಂಪ್ ಸಿಗ್ನಲನ್ನು ಏರಿಸುವ ಪ್ರಮಾಣ) ಬೇಕು, ಕೆಲವು ಸಣ್ಣ ಇಂಟರ್‌ಫೇಸುಗಳು ಏದುಸಿರು ಬಿಡುತ್ತವೆ.

ಇನ್ನೊಂದು, ಭಾಗವತರ ಕೈಯಲ್ಲಿ ತಾಳ ಇರುತ್ತದೆ ಅಲ್ವಾ? ಅದರ ಟಿಣ್ ಟಿಣ್ ಪದ್ಯದ ಮೈಕಿಗೆ ಚೂಪಾಗಿ ನುಗ್ಗುತ್ತದೆ. ಈ ಮೈಕುಗಳು ಕಾರ್ಡಿಯಾಯ್ಡ್, ಅಂದರೆ ಬೆನ್ನ ಕಡೆಯ ಸದ್ದನ್ನು ಬಹಳ ಕಡಿಮೆ ಹಿಡಿಯುತ್ತವೆ. ಮೈಕನ್ನು ಬಾಯಿಯ ಕೆಳಗಿನಿಂದ ಮೇಲ್ಮುಖವಾಗಿ ಇಟ್ಟರೆ ಅದರ ಬೆನ್ನು ತಾಳದ ಕಡೆಗೆ ತಿರುಗುತ್ತದೆ. ಖರ್ಚಿಲ್ಲದೆ ಅರ್ಧ ಸಮಸ್ಯೆ ಮುಗಿಯಿತು.

ಈಗ ಗೇನ್. ಇದೊಂದು ಸರಿಯಾದರೆ ಉಳಿದದ್ದನ್ನೆಲ್ಲ ಹೇಗೋ ಸುಧಾರಿಸಬಹುದು. "ಒಂದು ಸಲ ಹಾಡಿ, ಚೆಕ್ ಮಾಡುವ" ಅಂದರೆ ಯಾರೂ ಪೂರ್ತಿ ಸ್ವರದಲ್ಲಿ ಹಾಡುವುದಿಲ್ಲ, ಸುಮ್ನೆ ಗುನುಗುತ್ತಾರೆ. ಆ ಲೆಕ್ಕದಲ್ಲಿ ಗೇನ್ ತಿರುಗಿಸಿಟ್ಟರೆ ಸ್ವರ ಬಿಸಿಯಾದ ಮೇಲೆ ಕೆಂಪು ದೀಪ ಹತ್ತುತ್ತದೆ. ಹಾಗೆ ಒಡೆದ ಸ್ವರವನ್ನು ಯಾವ ಸಾಫ್ಟ್‌ವೇರ್ ಕೂಡ ಸರಿಯಾಗಿ ಕೂಡಿಸಿ ಕೊಡುವುದಿಲ್ಲ. ಹಾಗಾಗಿ ಮೊದಲೇ ಒಂದು ಏರುಪದ್ಯ (ಏರು ಸ್ವರದ ಬಿರುಸಿನ ಪದ್ಯ) ಹಾಡಿಸಿ. ಅದರ ಅತಿ ದೊಡ್ಡ ಜಾಗದಲ್ಲಿ ಸಾಫ್ಟ್‌ವೇರಿನ ಮೀಟರ್ ಮೈನಸ್ 12ರಿಂದ ಮೈನಸ್ 10 ಡೆಸಿಬೆಲ್ ನಡುವೆ ಮುಟ್ಟಲಿ, ಮೇಲೆ ಬೇಡ. ತುಂಬಾ ಸಣ್ಣದಾಯ್ತು ಅಂತ ಹೆದರಬೇಡಿ. 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿದರೆ ಆಮೇಲೆ ಏರಿಸಲು ಧಾರಾಳ ಜಾಗ ಇರುತ್ತದೆ. ಸ್ಯಾಂಪಲ್ ರೇಟ್ 48 ಕಿಲೋಹರ್ಟ್ಸ್ ಇಡಿ, ಅದಕ್ಕಿಂತ ಮೇಲೆ ಹೋಗಿ ಪ್ರಯೋಜನ ಇಲ್ಲ.

ಹೆಡ್‌ಫೋನಿನಲ್ಲಿ ತಮ್ಮದೇ ಸ್ವರ ತಡವಾಗಿ ಕೇಳಿದರೆ ಹಾಡುವವರಿಗೆ ಲಯ ತಪ್ಪುತ್ತದೆ. ಇಂಟರ್‌ಫೇಸಿನ ಡೈರೆಕ್ಟ್ ಮಾನಿಟರ್ ಬಟನ್ ಒತ್ತಿ, ಸ್ವರ ಕಂಪ್ಯೂಟರಿಗೆ ಹೋಗಿ ಬರುವ ಮೊದಲೇ ಕಿವಿಗೆ ಸಿಗುತ್ತದೆ. ಆಗ ಸಾಫ್ಟ್‌ವೇರಿನ ಮಾನಿಟರ್ ಆಫ್ ಇರಲಿ, ಇಲ್ಲದಿದ್ದರೆ ಎರಡೆರಡು ಸಲ ಕೇಳುತ್ತದೆ. ವಿಂಡೋಸ್ ಆದರೆ ಇಂಟರ್‌ಫೇಸಿನವರದ್ದೇ ಎಎಸ್‌ಐಒ ಡ್ರೈವರ್ (ಸದ್ದು ತಡವಾಗುವುದನ್ನು ಕಡಿಮೆ ಮಾಡುವ ಸಾಫ್ಟ್‌ವೇರ್) ಹಾಕಿ. ರೆಕಾರ್ಡಿಂಗ್ ಸಾಫ್ಟ್‌ವೇರಿಗೆ ರೀಪರ್ ನೋಡಿ, 60 ದಿನ ದುಡ್ಡು ಕೊಡದೆ ಪೂರ್ತಿ ಬಳಸಿ ನೋಡಬಹುದು. ಹೆಡ್‌ಫೋನ್ ಕಿವಿ ಮುಚ್ಚುವಂಥದ್ದೇ ಬೇಕು, ತೆರೆದ ಮಾದರಿಯದ್ದಾದರೆ ಸದ್ದು ಸೋರಿ ಮೈಕಿಗೆ ಹೋಗುತ್ತದೆ. ಸ್ಪೀಕರ್ ಸದ್ಯಕ್ಕೆ ಬೇಡ.

ಚೆಂಡೆಯನ್ನು ಅದೇ ಕೋಣೆಯಲ್ಲಿ ಒಟ್ಟಿಗೆ ಬಾರಿಸಿದರೆ ಉಳಿದ ಎರಡೂ ಮೈಕಿನಲ್ಲಿ ಚೆಂಡೆಯೇ ಇರುತ್ತದೆ. ಮೊದಲು ಪದ್ಯ, ಮದ್ದಳೆ ಒಟ್ಟಿಗೆ ಮಾಡಿ. ಅವರಿಬ್ಬರು ಎದುರುಬದುರು ಕೂತು ಮುಖ ನೋಡಿಕೊಂಡೇ ಹಾಡಬೇಕು, ಬಾರಿಸಬೇಕು. ಅವರನ್ನು ಬೇರೆ ಮಾಡಿದರೆ, ಮೆಟ್ರೋನೋಮ್ ಹಾಕಿದರೆ, ಜೀವ ಹೋಗುತ್ತದೆ. ಚೆಂಡೆಯವರು ಆಮೇಲೆ ಹೆಡ್‌ಫೋನಿನಲ್ಲಿ ಅದನ್ನು ಕೇಳುತ್ತಾ ಸೇರಿಸಲಿ. ಅವರು ಇದಕ್ಕೆ ಒಪ್ಪದಿದ್ದರೆ (ಕೆಲವರು ಒಪ್ಪುವುದಿಲ್ಲ, ಅವರ ಮಾತೂ ಸರಿಯೇ) ನಾಲ್ಕು ಮೈಕಿನ ಇಂಟರ್‌ಫೇಸನ್ನೇ ಮೊದಲಿಗೆ ತಗೊಳ್ಳಿ, ಚೆಂಡೆಯನ್ನು ಚಾವಡಿಯಲ್ಲಿ ಕೂರಿಸಿ ನಡುವಿನ ಬಾಗಿಲು ಅರ್ಧ ತೆರೆದಿಡಿ.

ಹಳೆ ಮನೆಯಲ್ಲಿ ಅರ್ಥಿಂಗ್ ಸರಿ ಇಲ್ಲದಿದ್ದರೆ ಗುಂಯ್ ಅಂತ 50 ಹರ್ಟ್ಸ್ ಸದ್ದು ಬರುತ್ತದೆ. ಚಾರ್ಜರ್ ತೆಗೆದು ನೋಡಿ. ಸದ್ದು ನಿಂತರೆ ಬ್ಯಾಟರಿಯಲ್ಲೇ ರೆಕಾರ್ಡ್ ಮಾಡಿ, ಯುಎಸ್‌ಬಿಯಿಂದಲೇ ಕರೆಂಟ್ ಎಳೆಯುವ ಇಂಟರ್‌ಫೇಸ್ ಆದರೆ ಎಲ್ಲವೂ ಲ್ಯಾಪ್‌ಟಾಪಿನ ಬ್ಯಾಟರಿಯಲ್ಲೇ ನಡೆಯುತ್ತದೆ. ಗುಡುಗು ಮಿಂಚಿಗೂ ಅದೇ ಒಳ್ಳೆಯದು. ಆದರೆ ಜೂನ್, ಜುಲೈಯಲ್ಲಿ ಹೆಂಚಿನ ಮೇಲೆ ಮಳೆ ಶುರುವಾದರೆ ಏನು ಮಾಡಿದರೂ ಆಗುವುದಿಲ್ಲ. ಆ ದಿನ ಎಡಿಟಿಂಗ್ ಇಟ್ಟುಕೊಳ್ಳಿ. ಮುಂದೆ ಎಂದಾದರೂ ಕಂಡೆನ್ಸರ್ ತಂದರೆ, ನಮ್ಮ ಕಡೆಯ ತೇವಕ್ಕೆ ಅದರ ಒಳಗಿನ ತೆಳು ಪರದೆ ಪಟಪಟ ಅನ್ನುತ್ತದೆ. ಕೆಲಸ ಮುಗಿದ ಕೂಡಲೇ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಹಾಕಿಡಿ, ಜೆಲ್ ಬಣ್ಣ ಬದಲಾದರೆ ಹೊಸದು ಹಾಕಿ.