ನಾರ್ಮಂಡಿ ದಾಳಿಯ ಟಗ್ ಬೋಟ್ ಎಲ್‌ಟಿ-5 ಇಂದಿಗೂ ಉಳಿದಿರುವುದು ಹೇಗೆ?

ಮುಖ್ಯ ಕಾರಣ, ಎರಡನೇ ಮಹಾಯುದ್ಧ ಮುಗಿದ ಮೇಲೂ ಅದು ದುಡಿಯುತ್ತಲೇ ಇತ್ತು. ನ್ಯೂಯಾರ್ಕ್ ರಾಜ್ಯದ ಆಯ್ಸ್ಟರ್ ಬೇಯಲ್ಲಿ 1943ರಲ್ಲಿ ನಿರ್ಮಾಣಗೊಂಡ, ಅಮೆರಿಕದ ಭೂಸೇನೆಗೆ ಸೇರಿದ ಈ ಉಕ್ಕಿನ ಟಗ್ ಬೋಟಿನ ಕೆಲಸ ಬಾರ್ಜ್‌ಗಳನ್ನು (ಚಪ್ಪಟೆ ತಳದ ಸರಕು ದೋಣಿಗಳನ್ನು) ಎಳೆದೊಯ್ಯುವುದೇ ಆಗಿದ್ದರೂ, ಆತ್ಮರಕ್ಷಣೆಗೆಂದು ಅಳವಡಿಸಿದ್ದ ಸಣ್ಣ ಫಿರಂಗಿಯಿಂದ ಅದರ ಬಲಬದಿಯ ಗನ್ನರ್ ಫ್ರಾನ್ಸ್‌ನ ನಾರ್ಮಂಡಿ ತೀರದ ಮೇಲೆ ಮಿತ್ರರಾಷ್ಟ್ರಗಳು ನಡೆಸಿದ ದಾಳಿಯ ವೇಳೆ, 1944ರ ಜೂನ್ 9ರಂದು, ಜರ್ಮನ್ ಯುದ್ಧವಿಮಾನವೊಂದನ್ನು ಹೊಡೆದುರುಳಿಸಿದನೆಂದು ದಾಖಲಾಗಿದೆ. ಎಳೆಯುವ ದೋಣಿಗೆ ಇದು ಅಪರೂಪದ ಕೀರ್ತಿಯೇ ಸರಿ. ಯುದ್ಧಾನಂತರ ಸೇನೆಯ ಎಂಜಿನಿಯರ್‌ಗಳ ದಳದ ಬಫಲೊ ವಿಭಾಗವು ಅದಕ್ಕೆ ‘ಜಾನ್ ಎಫ್. ನ್ಯಾಶ್’ ಎಂದು ಹೆಸರಿಟ್ಟು, ಮಹಾ ಸರೋವರಗಳ ಬಂದರು ಕಾಮಗಾರಿಗಳಲ್ಲಿ 1989ರವರೆಗೆ ಬಳಸಿತು. ಉಪ್ಪುನೀರಿನಷ್ಟು ಬೇಗ ಉಕ್ಕನ್ನು ತಿನ್ನದ ಸಿಹಿನೀರೂ ನೆರವಾಗಿರಬೇಕು. ಅನಂತರ ಆಸ್ವೀಗೊ ನಗರದ ಎಚ್. ಲೀ ವೈಟ್ ವಸ್ತುಸಂಗ್ರಹಾಲಯದ ವಶಕ್ಕೆ ಬಂದ ಈ ದೋಣಿಗೆ 1992ರಲ್ಲಿ ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತೆಂಬ ಮಾನ್ಯತೆ ದೊರೆಯಿತು.